ಜಾರ್ಜ್ ಮರೆತ ಪಾಠ

ಸಂಕೋಲೆ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಜಾರ್ಜ್ ಫೆರ್ನಾಂಡಿಸರ ಚಿತ್ರವನ್ನು ನಾವು ಮರೆತಿಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಪಾದ್ರಿಯಾಗಲು ಹೊರಟು, ಆ ದಾರಿ ಬಿಟ್ಟು ಮುಂಬಯಿ ಸೇರಿದರು. ಅಲ್ಲಿ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದರು. 1967ರಲ್ಲಿ ಕಾಂಗ್ರೆಸ್‌ನ ಘಟಾನುಘಟಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. 1974ರ ಮೇ ತಿಂಗಳಲ್ಲಿ 20 ದಿನಗಳ ರೈಲ್ವೆ ಮುಷ್ಕರದ ನೇತೃತ್ವ ವಹಿಸಿದರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಝಫ್ಫರ್‌ಪುರದಿಂದ ಗೆದ್ದರು.

1996ರಲ್ಲಿ ಬಿಜೆಪಿಯ ಜೊತೆ ಸೇರಿದ್ದೂ ಇದೇ ಜಾರ್ಜ್. 2002ರಲ್ಲಿ ರಕ್ಷಣಾ ಸಚಿವರಾಗಿದ್ದಾಗ ಲೋಕಸಭೆಯಲ್ಲಿ ಗುಜರಾತ್ ಹತ್ಯಾಕಾಂಡದ ಚರ್ಚೆ ನಡೆಯಿತು. ಮಹಿಳೆಯರ ಮೇಲಿನ ದೌರ್ಜನ್ಯ ಹೊಸತೇನಲ್ಲ ಎಂಬಂತೆ ವಾದಿಸಿ ಅವರು ಸರಕಾರವನ್ನು ಸಮರ್ಥಿಸಿದರು.

ಇದೆಲ್ಲ ಬರೇ ಅಧಿಕಾರದ ಆಸೆ ಎಂದುಬಿಡುವುದು ಸುಲಭ. ನಮಗೆ ಹಾಗನಿಸುವುದಿಲ್ಲ. ಕಾಂಗ್ರೆಸ್ ವಿರೋಧ ಮೊದಲು ಅವರಿಗೆ ದಾರಿಯಾಗಿತ್ತು. ಕೊನೆಗೆ ಅದೇ ಗುರಿಯಾಯಿತು. ಹೊಡೆದವರು ಯಾರೆಂದು ನೋಡದೆ ಪೆಟ್ಟು ತಿಂದವರ ಪಕ್ಕ ನಿಲ್ಲುವುದು ಕಾರ್ಮಿಕ ಸಂಘ ಕಲಿಸುವ ಮೊದಲ ಪಾಠ. ಆ ಪಾಠವನ್ನು ಅವರು ಮರೆತರು.

2019ರಲ್ಲಿ ಅಗಲಿದ ಈ ನಾಯಕನನ್ನು ಸ್ಮರಿಸುವಾಗ ಸಂಕೋಲೆಯ ಚಿತ್ರವೊಂದನ್ನೇ ತೋರಿಸಿದರೆ ಸಾಲದು. ಅದು ಗುಜರಾತಿನ ಸಂತ್ರಸ್ತರಿಗೆ ಮಾತ್ರವಲ್ಲ, ಆ ಚಿತ್ರಕ್ಕೂ ಮಾಡುವ ಅನ್ಯಾಯ.