ಕಚ್ಚು ನೋಡಿ ಕಪಾಟು ಕೊಳ್ಳಿ

ಡ್ರಾಯರನ್ನು ಪೂರ್ತಿ ಹೊರಗೆಳೆದು ಮಗುಚಿ ನೋಡಲು ಬಿಡದ ಅಂಗಡಿಯಲ್ಲಿ ಹಳೆಯ ಮೇಜು ಕೊಳ್ಳಬೇಡಿ. ಮೇಲ್ಗಡೆ ಹೊಸ ಪಾಲಿಶ್ ಹೊಡೆದಿರುತ್ತಾರೆ, ಹಿಡಿಕೆಗೆ ಥಳಥಳಿಸುವ ಹಿತ್ತಾಳೆ ಕೂರಿಸಿರುತ್ತಾರೆ. ಡ್ರಾಯರಿನ ಅಡಿಗೆ ಮಾತ್ರ ಯಾರೂ ಕೈ ಹಚ್ಚುವುದಿಲ್ಲ. ಮಾಡಿದ ಆಚಾರಿ ಯಾವ ಮರ ಬಳಸಿದ, ಯಾವ ಹತಾರ ಹಿಡಿದ, ಎಷ್ಟು ತಾಳ್ಮೆಯವನು ಎಂಬುದೆಲ್ಲ ಅಲ್ಲಿ ಹಾಗೇ ಉಳಿದಿರುತ್ತದೆ.

ಈಚೆಗೆ ಬೆಂಗಳೂರಿನ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಆಸುಪಾಸಿನ ಗಲ್ಲಿಯೊಂದರಲ್ಲಿ, ಬರೆಯುವ ಮೇಜೊಂದನ್ನು ನೋಡಿದೆ. ‘ಬ್ರಿಟಿಷರ ಕಾಲದ್ದು ಸಾರ್’ ಎಂದರು ಅಂಗಡಿಯವರು. ಡ್ರಾಯರ್ ಎಳೆದು ಬೆಳಕಿಗೆ ಹಿಡಿದೆ. ಮುಂದಿನ ಪಟ್ಟಿ ತೇಗ, ಪಕ್ಕದವು ಹಲಸು. ಹಲಸಿನ ಹಳದಿ ಎಂದೋ ಹೋಗಿ ಕಂದು ಬಣ್ಣ ಬಂದಿತ್ತು. ಎರಡೂ ಕೂಡುವ ಮೂಲೆಯಲ್ಲಿ ತುದಿಗೆ ಅಗಲವಾಗುತ್ತಾ ಹೋಗುವ ಡವ್‌ಟೇಲ್ ಹಲ್ಲುಗಳು. ಒಂದು ಹಲ್ಲು ಇನ್ನೊಂದಕ್ಕಿಂತ ಕೂದಲಷ್ಟು ದಪ್ಪ, ಬುಡದಲ್ಲಿ ಉಳಿ ಇಡುವ ಮೊದಲು ಎಳೆದ ಗುರುತಿನ ಗೀರು ಇನ್ನೂ ಕಾಣುತ್ತಿತ್ತು. ಯಂತ್ರ ಕೊರೆದಿದ್ದರೆ ಹಲ್ಲೆಲ್ಲ ಒಂದೇ ಅಳತೆ ಇರುತ್ತಿತ್ತು. ತಳದ ಹಲಗೆಯ ಮೇಲೆ ಅಂಗೈ ಸವರಿದಾಗ ಕೀಸುಳಿ ಹೋದ ದಾರಿ ಸಣ್ಣ ಏರಿಳಿತವಾಗಿ ತಾಕಿತು. ಬೀಗಕ್ಕೆ ಹಾಕಿದ್ದ ಸ್ಕ್ರೂಗಳು ಮಾತ್ರ ಪ್ಲಸ್ ತಲೆಯವು. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಿಂದ ಈಚೆಗೆ. ಅಂದರೆ ಬೀಗ ಆಮೇಲೆ ಬದಲಾಗಿದೆ. ಅದನ್ನು ನಾನು ದೋಷವೆನ್ನುವುದಿಲ್ಲ. ಬೀಗ ಕೆಟ್ಟಾಗ ಯಾರೋ ಮೇಜನ್ನು ಎಸೆಯದೆ ಬೀಗ ಮಾತ್ರ ಬದಲಿಸಿದ್ದಾರೆ.

ಮರದ ಸಾಮಾನಿನ ಯೋಗ್ಯತೆ ಇರುವುದು ಕಚ್ಚಿನಲ್ಲಿ, ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಆ ಜಾಗದಲ್ಲಿ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಸರಿಯಾಗಿ ಜೋಡಿಸಿದ್ದನ್ನು ಸರಿಯಾಗಿ ಬಿಚ್ಚಬಹುದು. ಬಿಚ್ಚಬಹುದಾದದ್ದು ಲಿಫ್ಟಿಗೂ ಹತ್ತುತ್ತದೆ, ಮೆಟ್ಟಿಲೂ ತಿರುಗುತ್ತದೆ. ಒಳ್ಳೆಯ ಕೆಲಸವೇ ಎಂದು ತಿಳಿಯಲು ಏನನ್ನು ನೋಡುತ್ತೇವೋ, ಮನೆಯೊಳಗೆ ಹೋದೀತೇ ಎಂದು ತಿಳಿಯಲೂ ಅದನ್ನೇ ನೋಡಬೇಕು.

ಹಿಂದಿನವರು ಬಿಚ್ಚಲು ಬರುವಂತೆ ಬೇಕೆಂದೇ ಮಾಡುತ್ತಿದ್ದರು. ವಿಯೆನ್ನಾದ ಮಿಖಾಯೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯನ್ನು ನೀವೆಲ್ಲ ನೋಡಿದ್ದೀರಿ. ಮುಂಬೈಯ ಇರಾನಿ ಕೆಫೆಗಳಲ್ಲಿ ಅಮೃತಶಿಲೆಯ ಮೇಜಿನ ಸುತ್ತ ಇರುವ, ಹಬೆಯಲ್ಲಿ ಬಗ್ಗಿಸಿದ ಮರದ ಕುರ್ಚಿಗಳು ಆ ವಂಶದವು. ಇಡೀ ಕುರ್ಚಿಗೆ ಮರದ ತುಂಡು ಆರು, ಸ್ಕ್ರೂ ಹತ್ತು, ನಟ್ಟು ಎರಡು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ನಮ್ಮ ನೆಲದಲ್ಲೇ ಹುಟ್ಟಿದ್ದು ರೂರ್ಕಿ ಕುರ್ಚಿ. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಸೇನೆಯ ಎಂಜಿನಿಯರುಗಳು ಶಿಬಿರಗಳಿಗೆಂದು ಮಾಡಿದ್ದು. ಇದಕ್ಕೆ ಅಂಟಿಲ್ಲ, ಸ್ಕ್ರೂ ಇಲ್ಲ. ಚೂಪಾಗಿಸಿದ ಅಡ್ಡಪಟ್ಟಿಗಳು ಕಾಲಿನ ತೂತುಗಳಲ್ಲಿ ಕೂರುತ್ತವೆ, ಕ್ಯಾನ್ವಾಸು ಮತ್ತು ಚರ್ಮದ ಪಟ್ಟಿ ಬಿಗಿಹಿಡಿಯುತ್ತವೆ, ಕೂತವರ ಭಾರಕ್ಕೆ ಕಚ್ಚು ಇನ್ನಷ್ಟು ಬಿಗಿಯಾಗುತ್ತದೆ. ನೆಲ ಏರುಪೇರಾದರೆ ಕಾಲುಗಳು ತಾವೇ ಹೊಂದಿಕೊಳ್ಳುತ್ತವೆ. 1933ರಲ್ಲಿ ಡೆನ್ಮಾರ್ಕಿನ ಕಾರೆ ಕ್ಲಿಂಟ್ ಇದನ್ನೇ ಆಧರಿಸಿ ತಮ್ಮ ಸಫಾರಿ ಕುರ್ಚಿ ಮಾಡಿದರು. ಹಳೆಯ ತೇಗದ ಮಂಚಗಳೂ ಇದೇ ಜಾತಿಯವು. ಪಕ್ಕದ ಪಟ್ಟಿಗಳ ತುದಿಯ ಕಬ್ಬಿಣದ ಕೊಕ್ಕೆ ಕಾಲಿನ ಸೀಳಿನಲ್ಲಿ ಇಳಿಯುತ್ತದೆ, ಮರದ ಸುತ್ತಿಗೆಯಿಂದ ಕೆಳಗಿನಿಂದ ನಾಲ್ಕು ಏಟು ಕೊಟ್ಟರೆ ಇಡೀ ಮಂಚ ಹಲಗೆಗಳ ಕಟ್ಟಾಗುತ್ತದೆ. ವರ್ಗಾವಣೆಯ ನೌಕರಿಯವರ ಮನೆಗಳಲ್ಲಿ ಅಂಥ ಮಂಚಗಳು ಊರಿಂದ ಊರಿಗೆ ಲಾರಿಯಲ್ಲಿ ತಿರುಗಿದರೂ ಅಲುಗದೆ ಉಳಿದಿವೆ.

ಈಗಿನ ಪಾರ್ಟಿಕಲ್ ಬೋರ್ಡಿನ ಕಪಾಟುಗಳನ್ನೂ ಬಿಚ್ಚಬಹುದಲ್ಲ ಎಂದು ಕೇಳುತ್ತೀರಿ. ಬಿಚ್ಚಬಹುದು, ಮತ್ತೆ ಬಿಗಿಯಾಗಿ ಕೂರಿಸುವುದು ಕಷ್ಟ. ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಹಲಗೆ ಅದು. ಮೊದಲ ಸಲ ಸ್ಕ್ರೂ ಕಚ್ಚಿಕೊಳ್ಳುತ್ತದೆ, ಎರಡನೆಯ ಸಲಕ್ಕೆ ತೂತು ಪುಡಿಯಾಗಿರುತ್ತದೆ. ನೆಲ ಒರೆಸುವ ನೀರು ತಾಕಿ ತಳದ ಅಂಚು ಉಬ್ಬಿತೆಂದರೆ ಅದನ್ನು ಇಳಿಸುವ ಉಪಾಯ ಯಾವ ಬಡಗಿಯ ಬಳಿಯೂ ಇಲ್ಲ. ಮನೆ ಬದಲಿಸುವವರು ಇಂಥದ್ದನ್ನು ಕಡಿಮೆ ಬೆಲೆಗೆ ಕೊಡುತ್ತಾರೆ. ಪುಕ್ಕಟೆ ಕೊಟ್ಟರೂ ಬೇಡ ಎನ್ನುವುದು ನನ್ನ ಸಲಹೆ.

ಮರ ಯಾವುದು ಎಂದು ತಿಳಿಯಲು ಒಂದು ಮೂಲೆ ಎತ್ತಿ ನೋಡಿ. ಬೀಟೆ ತೇಗಕ್ಕಿಂತ ಎದ್ದು ಕಾಣುವಷ್ಟು ಭಾರ, ಅದರ ನೇರಳೆ ಮಿಶ್ರಿತ ಕಪ್ಪು ಗೆರೆಗಳು ಹಲಗೆಯ ಅಂಚಿನಲ್ಲೂ ಮುಂದುವರಿಯುತ್ತವೆ. ಗೆರೆ ಮೇಲ್ಗಡೆ ಮಾತ್ರ ಇದ್ದು ಅಂಚಿನಲ್ಲಿ ನಿಂತುಹೋದರೆ ಅದು ತೆಳುವಾದ ವೆನೀರ್, ಇಲ್ಲವೇ ಬಣ್ಣ. ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು ಎಲ್ಲವೂ ನಮ್ಮ ಹಳೆಯ ಮನೆಗಳ ಮರಗಳೇ. ತೇಗವಲ್ಲ ಎಂಬ ಒಂದೇ ಕಾರಣಕ್ಕೆ ಬಿಟ್ಟುಬರಬೇಡಿ. ತೇಗವೆಂದು ಕುರುಡಾಗಿ ನಂಬಲೂ ಬೇಡಿ. ಗೆದ್ದಲಿಗೆ ಬಗ್ಗದಿರುವುದು ಅದರ ಚೇಗು, ಹೊರಮೈಯ ಬಿಳಿ ಭಾಗವಲ್ಲ. ಎಳೆಯ ಮರದ ಸಾಮಾನಿನಲ್ಲಿ ಆ ಬಿಳಿಯೇ ಹೆಚ್ಚು.

ಕುಟ್ಟೆ ಹುಳದ ತೂತುಗಳಿದ್ದರೆ ಕೆಳಗೊಂದು ಕಪ್ಪು ಬಟ್ಟೆ ಹಾಸಿ, ಮರವನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ. ಹೊಸ ಬಿಳಿ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ತೂತಿನ ಒಳಗೋಡೆ ಕಪ್ಪಾಗಿ, ಏನೂ ಉದುರದಿದ್ದರೆ ಅದು ಬಹುತೇಕ ಹಳೆಯ ಕತೆ. ಬೆತ್ತದ ಕುರ್ಚಿ ಕೊಳ್ಳುವಾಗ ಹೆಣಿಗೆಯ ತೂತುಗಳಿಗೆ, ಮಂಚವಾದರೆ ಕಚ್ಚುಗಳಿಗೆ ಟಾರ್ಚ್ ಬಿಟ್ಟು ತಿಗಣೆಯ ಕಪ್ಪು ಚುಕ್ಕೆಗಳಿವೆಯೇ ನೋಡಿ. ತಿಗಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಖಾಲಿ ಮನೆಯಲ್ಲಿ ಬಿದ್ದಿದ್ದ ಮಂಚ ಎಂಬ ಮಾತನ್ನು ನೆಚ್ಚಿಕೊಳ್ಳುವಂತಿಲ್ಲ. ಯಾರೋ ಬಳಸಿದ ಹಾಸಿಗೆಯನ್ನಂತೂ ಕೊಳ್ಳಲೇಬೇಡಿ.

ಇನ್ನು ಒಳಗೆ ತರುವ ಕೆಲಸ. ಇದನ್ನು ಜನ ಹಮಾಲಿಗಳ ತೋಳ್ಬಲಕ್ಕೆ ಬಿಟ್ಟುಬಿಡುತ್ತಾರೆ. ಇದು ಲೆಕ್ಕದ ಕೆಲಸ. ಸಮ ಅಗಲದ ಎರಡು ಓಣಿಗಳು ಲಂಬಕೋನದಲ್ಲಿ ಕೂಡುವಲ್ಲಿ ತಿರುಗಿಸಬಹುದಾದ ಅತಿ ದೊಡ್ಡ ಸೋಫಾ ಎಷ್ಟಿರಬಹುದು ಎಂಬ ಪ್ರಶ್ನೆಯನ್ನು ಲಿಯೋ ಮೋಸರ್ ಎಂಬ ಗಣಿತಜ್ಞರು 1966ರಲ್ಲಿ ಮುಂದಿಟ್ಟರು. 1992ರಲ್ಲಿ ಜೋಸೆಫ್ ಗರ್ವರ್ ಒಂದು ಆಕಾರ ಕೊಟ್ಟರು. ಓಣಿಯ ಅಗಲ 1 ಎಂದರೆ ಅದರ ವಿಸ್ತೀರ್ಣ ಸುಮಾರು 2.2195. ಅದಕ್ಕಿಂತ ದೊಡ್ಡದು ಸಾಧ್ಯವಿಲ್ಲ ಎಂಬ ಸಾಧನೆಯನ್ನು ದಕ್ಷಿಣ ಕೊರಿಯಾದ ಜಿನಿಯಾನ್ ಬೇಕ್ ಮಂಡಿಸಿದ್ದು 2024ರ ಕೊನೆಯಲ್ಲಿ. ಗಣಿತದವರೇ ಐವತ್ತೆಂಟು ವರ್ಷ ತಿರುಗಿಸಿ ನೋಡಿದ ಸೋಫಾ ಅದು. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಆಯತಾಕಾರದ ಸಾಮಾನಿಗೆ ಸುಲಭದ ಲೆಕ್ಕವಿದೆ. ದಾರಿಯ ಅಗಲವನ್ನು 1.4ರಿಂದ ಗುಣಿಸಿ, ಸಾಮಾನಿನ ಅಗಲ ಕಳೆದು, ಉಳಿದದ್ದನ್ನು ಇಮ್ಮಡಿ ಮಾಡಿ. ಅಷ್ಟು ಉದ್ದದ್ದು ಆ ತಿರುವಿನಲ್ಲಿ ಅಡ್ಡಡ್ಡ ತಿರುಗುತ್ತದೆ.

ಮೂರು ಅಡಿ, ಅಂದರೆ 36 ಅಂಗುಲದ ಓಣಿ ಇದೆಯೆನ್ನಿ. ಗುಣಿಸಿದರೆ 50. ಸೋಫಾದ ಅಗಲ 32 ಅಂಗುಲವಾದರೆ ಉಳಿಯುವುದು 18, ಇಮ್ಮಡಿ 36. ಮೂರು ಜನ ಕೂರುವ ಆರಡಿಯ ಸೋಫಾ ಇರಲಿ, ಇಬ್ಬರದ್ದೂ ಅಡ್ಡಡ್ಡ ತಿರುಗುವುದಿಲ್ಲ. ಸೋಫಾವನ್ನು ಅದರ ಕೈಯ ಮೇಲೆ ನೆಟ್ಟಗೆ ನಿಲ್ಲಿಸಲೇಬೇಕು. ಅದೇ ಲೆಕ್ಕವನ್ನು ಬಿಚ್ಚಿದ ಮಂಚದ ಪಟ್ಟಿಗೆ ಹಾಕಿ. ಎರಡು ಅಂಗುಲ ದಪ್ಪದ ಪಟ್ಟಿ ಎಂಟು ಅಡಿ ಉದ್ದವಿದ್ದರೂ ತಿರುಗುತ್ತದೆ. ಮಂಚದ ಪಟ್ಟಿ ಆರೂವರೆ ಅಡಿ ದಾಟುವುದೇ ಅಪರೂಪ.

ಲಿಫ್ಟಿಗೂ ಅಳತೆ ಇದೆ. ನಮ್ಮ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಾಣುವ ಎಂಟು ಜನರ ಲಿಫ್ಟಿನ ಒಳಗೆ 1300 ಮಿಲಿಮೀಟರ್ ಅಗಲ, 1100 ಆಳ, ಬಾಗಿಲು 800 ಅಗಲ ಮತ್ತು 2000 ಎತ್ತರ. ಬಾಗಿಲ ಅಗಲ ಮೂವತ್ತೊಂದೂವರೆ ಅಂಗುಲ ಆಯಿತು. ಹಿಂದೆ ಹೇಳಿದ 32 ಅಂಗುಲದ ಸೋಫಾವನ್ನು ನೆಟ್ಟಗೆ ನಿಲ್ಲಿಸಿದರೂ ಅರ್ಧ ಅಂಗುಲಕ್ಕೆ ಸಿಕ್ಕಿಬೀಳುತ್ತದೆ. ಆಗ ಅದರ ಎತ್ತರದ ಕಡೆ ನೋಡಬೇಕು. ಮೂವತ್ಮೂರು ಅಂಗುಲ ಎತ್ತರದ ಸೋಫಾದ ಕಾಲು ಬಿಚ್ಚಿದರೆ ನಾಲ್ಕೈದು ಅಂಗುಲ ಇಳಿಯುತ್ತದೆ, ಬದಿಗೆ ತಿರುಗಿಸಿ ನಿಲ್ಲಿಸಿದರೆ ಬಾಗಿಲಲ್ಲಿ ಸಲೀಸಾಗಿ ಹೋಗುತ್ತದೆ. ಹಾಗಾಗಿ ಸೋಫಾ ಕೊಳ್ಳುವಾಗ ಮಗುಚಿ, ಕಾಲು ತಿರುಪಿನದೋ ಮೊಳೆ ಹೊಡೆದದ್ದೋ ನೋಡಿ. ಬಾಗಿಲ ಅಳತೆಯನ್ನು ಚೌಕಟ್ಟಿನ ಒಳಗೆ, ಬಾಗಿಲು ತೆರೆದಿಟ್ಟು ತೆಗೆದುಕೊಳ್ಳಿ. ತೆರೆದ ಬಾಗಿಲ ದಪ್ಪವೇ ಒಂದೂವರೆ ಅಂಗುಲ ತಿನ್ನುತ್ತದೆ, ಬೇಕಾದರೆ ಕೀಲು ಬಿಚ್ಚಿ ಬಾಗಿಲನ್ನೇ ಪಕ್ಕಕ್ಕಿಡಬಹುದು.

ಅನುಭವಸ್ಥ ಹಮಾಲಿಗಳು ಸೋಫಾವನ್ನು ಬಾಗಿಲಲ್ಲಿ ತೂರಿಸುವುದನ್ನು ನಿಂತು ನೋಡಬೇಕು. ನಿಲ್ಲಿಸಿದ ಸೋಫಾವನ್ನು ಮೇಲಿಂದ ನೋಡಿದರೆ ಅದು ಒರಗುವ ಭಾಗ ಒಂದು ತೋಳು, ಕೂರುವ ಭಾಗ ಇನ್ನೊಂದು ತೋಳು ಆದ ಕೊಕ್ಕೆ. ಒರಗುವ ಭಾಗವನ್ನು ಮೊದಲು ಒಳಗೆ ಬಿಟ್ಟು, ಒಳಮೂಲೆಯನ್ನು ಚೌಕಟ್ಟಿಗೆ ಆನಿಸಿ, ‘ಓರೆ ಮಾಡು, ಇನ್ನೂ ಓರೆ’ ಎನ್ನುತ್ತಾ ನಿಧಾನ ತಿರುಗಿಸುತ್ತಾರೆ. ಕೂರುವ ಭಾಗ ಹಿಂದೆಯೇ ಸುತ್ತಿಕೊಂಡು ಬರುತ್ತದೆ. ಒತ್ತಾಯ ಎಲ್ಲೂ ಇಲ್ಲ. ಇದು ಕಲಿತ ವಿದ್ಯೆ, ಇದಕ್ಕೆ ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಯೋಣ ಎಂದು ಯಾರಾದರೂ ಮುಂದೆ ಬಂದರೆ ಬೇಡವೆನ್ನಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ, ಯಾವ ಕಪಾಟೂ ಅಷ್ಟು ಬೆಲೆಬಾಳುವುದಿಲ್ಲ.

ಬಿಚ್ಚಲಾಗದ ಸಾಮಾನುಗಳಲ್ಲಿ ನಾನು ಮನಸಾರೆ ಒಪ್ಪುವುದು ಗೋದ್ರೆಜ್ ಬೀರು ಒಂದನ್ನೇ. 1923ರಿಂದ ಉಕ್ಕಿನ ಕಪಾಟು ಮಾಡುತ್ತಿರುವ ಕಂಪನಿ ಅದು. ಸಾಮಾನ್ಯ ಬೀರು ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಹತ್ತೊಂಬತ್ತು ಅಂಗುಲ ಆಳ. ಎಂಟು ಜನರ ಲಿಫ್ಟಿನ ಬಾಗಿಲಿಗೆ ಎತ್ತರದಲ್ಲಿ ಎರಡು ಸೆಂಟಿಮೀಟರ್ ಆಸುಪಾಸು ಉಳಿಯುತ್ತದೆ, ಆದ್ದರಿಂದ ಸ್ವಲ್ಪವೂ ವಾಲಿಸದೆ ನೆಟ್ಟಗೆ ಜಾರಿಸಬೇಕು. ಮೆಟ್ಟಿಲಲ್ಲಾದರೆ ಪ್ರತಿ ತಿರುವಿನಲ್ಲೂ ನಿಲ್ಲಿಸಿ, ತಿರುಗಿಸಿ, ಮತ್ತೆ ಮಲಗಿಸಬೇಕು. ಮಲಗಿದ್ದನ್ನು ನಿಲ್ಲಿಸುವಾಗ ಅದರ ಕರ್ಣ ಎಂಬತ್ತು ಅಂಗುಲ ದಾಟುತ್ತದೆ, ತಲೆಯ ಮೇಲೆ ಅಷ್ಟು ಜಾಗವಿದೆಯೇ ಎಂದು ಮೊದಲೇ ಅಳೆದಿರಿ. ಕೊಳ್ಳುವಾಗ ತಳದ ತುಕ್ಕು ನೋಡಿದರೆ ಸಾಕು, ಉಳಿದದ್ದೆಲ್ಲ ರಿಪೇರಿಯಾಗುವಂಥದ್ದು.

ಮರದ ಸಾಮಾನು ಒಳಗೆ ಬಂದ ಮೇಲೆ ಕೂಡಲೇ ಉಜ್ಜಿ ಪಾಲಿಶ್ ಮಾಡಿಸುವ ಆತುರ ಬೇಡ. ಹಳೆಯ ಹೊಳಪು ಬಹುಪಾಲು ಅರಗಿನದು. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ, ಅರಗಾದರೆ ಅಂಟಂಟಾಗಿ ಕರಗುತ್ತದೆ. ಹಾಗೆ ಕರಗುವುದರಿಂದಲೇ ಅದರ ಮೇಲಿನ ಗೀರನ್ನು ಹೊಸ ಅರಗಿನ ಜೊತೆ ಬೆಸೆಯಬಹುದು. ಪಾಲಿಯುರೇಥೇನ್ ಬಳಿದರೆ ಆ ದಾರಿ ಮುಚ್ಚಿತು, ಮುಂದೆ ಕೆರೆದು ತೆಗೆಯುವುದೊಂದೇ. ಅಂಟಿನಲ್ಲೂ ಹಾಗೆ. ಹಿಂದಿನ ಆಚಾರಿಗಳು ಹಚ್ಚುತ್ತಿದ್ದ ಸರೇಸು ಬಿಸಿನೀರಿಗೆ, ಹಬೆಗೆ ಸಡಿಲಾಗುತ್ತದೆ. ಪಿಟೀಲು ಮಾಡುವವರು ಇಂದಿಗೂ ಅದನ್ನೇ ಬಳಸುತ್ತಾರೆ, ಮುಂದೊಂದು ದಿನ ರಿಪೇರಿಗೆ ಬಿಚ್ಚಬೇಕಾಗುತ್ತದೆ ಎಂದು ಬಲ್ಲವರಾದ್ದರಿಂದ.

ಮಂಗಳೂರು, ಕುಂದಾಪುರದ ಕಡೆಯಿಂದ ಬಂದ ಕಪಾಟು ಬೆಂಗಳೂರಿನ ಒಣಹವೆಗೆ ಕುಗ್ಗುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ರಾತ್ರಿ ಹೊತ್ತು ಟಕ್ಕೆನ್ನುತ್ತದೆ, ಬಾಗಿಲ ಹಲಗೆಯ ಅಂಚಿನಲ್ಲಿ ಪಾಲಿಶ್ ಕಾಣದ ಬಿಳಿ ಗೆರೆ ಮೂಡುತ್ತದೆ. ಗಾಬರಿ ಬೇಡ. ಆ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಅಂಟಿಲ್ಲದೆ ಬಿಟ್ಟಿರುವುದೇ ಹೀಗೆ ಹಿಗ್ಗಿ ಕುಗ್ಗಲು. ಅಲ್ಲಾಡುತ್ತದೆಂದು ಮೊಳೆ ಹೊಡೆಸಿದರೆ, ಅಂಟು ಸುರಿಸಿದರೆ ಮುಂದಿನ ಬೇಸಿಗೆಗೆ ಹಲಗೆ ನಡುವೆ ಸೀಳುತ್ತದೆ. ಒಂದು ಬೇಸಿಗೆ ಅದು ನಿಮ್ಮ ಮನೆಯ ಹವೆಗೆ ಹೊಂದಿಕೊಳ್ಳಲಿ. ಆಮೇಲೆ ಕಚ್ಚು ಗೊತ್ತಿರುವ ಬಡಗಿಯನ್ನು ಕರೆಸಿ, ಸಡಿಲವಾದ ಮೂಲೆಗಳಿಗೆ ಮಾತ್ರ ಸರೇಸು ಹಚ್ಚಿಸಿ. ಹಲಗೆ ಸಡಿಲವಾಗಿಯೇ ಇರಲಿ.