ಸಮಾಜಕಾರ್ಯದ ಪದವಿ ವ್ಯಾಸಂಗ ಮತ್ತು ಪ್ರಾದೇಶಿಕ ಇತಿಹಾಸ: ಒಂದು ವಿಮರ್ಶೆ

೧

ಕಷ್ಟದಲ್ಲಿರುವವರಿಗೆ ನೆರವಾಗುವುದನ್ನು ಧರ್ಮವೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ಅದನ್ನು ಓದಿ, ಪರೀಕ್ಷೆಗೆ ಕುಳಿತು, ಪದವಿ ಪಡೆಯಬಹುದೆಂಬ ಭಾವನೆ ಮಾತ್ರ ಈ ದೇಶಕ್ಕೆ ಇತ್ತೀಚಿನದು. ೧೯೩೬ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಪ್ರಾರಂಭವಾದಾಗ ಅದರ ಮೊದಲ ನಿರ್ದೇಶಕರಾಗಿದ್ದವರು ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್. ಕರ್ನಾಟಕದಲ್ಲಿ ೧೯೬೦ರಲ್ಲಿ ಮಂಗಳೂರಿನ ರೋಶನಿ ನಿಲಯ ಈ ಶಿಕ್ಷಣಕ್ಕೆ ತೊಡಗಿತು. ಅನಂತರ ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ವಿಭಾಗಗಳೂ ಕಾಲೇಜುಗಳಲ್ಲಿ ಮೊದಲ ಪದವಿಯ ತರಗತಿಗಳೂ ಏರ್ಪಟ್ಟಿವೆ.

ಹೀಗಾಗಿ ಇಂದು ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂತಹ ಗ್ರಾಮದ ವಿದ್ಯಾರ್ಥಿಯೂ ಈ ವ್ಯಾಸಂಗವನ್ನು ಕೈಗೊಳ್ಳಬಹುದಾಗಿದೆ. (ಮಹಾದೇವ ದೇವಾಲಯದಿಂದ ಪ್ರಸಿದ್ಧವಾದ ಕೊಪ್ಪಳ ಜಿಲ್ಲೆಯ ಇಟಗಿ ಬೇರೆ, ಹೆಸರಿನ ಸಾಮ್ಯದಿಂದ ವಾಚಕರು ಭ್ರಮಿಸಬಾರದು.) ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ವಿದ್ಯಾರ್ಥಿಗಳ ವಿಷಯವೂ ಇದೇ. ಈ ವ್ಯಾಸಂಗ ಅವರಿಗೆ ಯಾವ ಇತಿಹಾಸವನ್ನು ಕಲಿಸುತ್ತದೆ, ಯಾವುದನ್ನು ಕಲಿಸದೆ ಬಿಡುತ್ತದೆ ಎಂಬುದೇ ಪ್ರಕೃತ ಲೇಖನದ ಪರಾಮರ್ಶೆಯ ವಿಷಯ.

೨

ಸಮಾಜಕಾರ್ಯದ ಉಗಮವನ್ನು ಹೇಳುವ ಪಠ್ಯಗಳು ಸಾಮಾನ್ಯವಾಗಿ ಇಂಗ್ಲೆಂಡಿನ ೧೬೦೧ರ ಬಡವರ ಕಾಯಿದೆಯಿಂದ ಪ್ರಾರಂಭವಾಗುತ್ತವೆ. ಅಲ್ಲಿಂದ ೧೮೩೪ರ ತಿದ್ದುಪಾಟು, ೧೮೬೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಾನವ್ಯವಸ್ಥಾ ಸಂಘ, ಸಮಾಜಕಾರ್ಯವು ವೃತ್ತಿಯೆನಿಸಬಲ್ಲುದೇ ಎಂದು ೧೯೧೫ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎತ್ತಿದ ಪ್ರಶ್ನೆ, ೧೯೧೭ರಲ್ಲಿ ಮೇರಿ ರಿಚ್ಮಂಡ್ ಪ್ರಕಟಿಸಿದ ಗ್ರಂಥ, ಇವುಗಳನ್ನು ಕ್ರಮವಾಗಿ ಓದಿಸಲಾಗುತ್ತದೆ. ಇದರಲ್ಲಿ ಅಸತ್ಯವೇನೂ ಇಲ್ಲ. ಈ ವೃತ್ತಿ ಆ ದಾರಿಯಲ್ಲಿಯೇ ಬೆಳೆದು ಬಂದಿತು. ಪರದೇಶದ್ದೆಂಬ ಒಂದೇ ಕಾರಣದಿಂದ ಅದನ್ನು ತಳ್ಳಿಹಾಕಬೇಕೆಂಬುದು ನಮ್ಮ ಮತವಲ್ಲ. ನಮ್ಮ ಆಕ್ಷೇಪ ಬೇರೆ. ಈ ಇಸವಿಗಳು ವಿದ್ಯಾರ್ಥಿಯ ಊರಿನವರೆಗೆ ಬರುವುದೇ ಇಲ್ಲ. ಆದುದರಿಂದ ಅವನು ಅವುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆಯುತ್ತಾನೆ. ವಾಸ್ತವವಾಗಿ ಅವು ಅವನ ಊರಿಗೆ ಬಂದಿದ್ದುವು.

೩

೧೮೩೪ರ ಕಾಯಿದೆಯ ತತ್ತ್ವವನ್ನೇ ತೆಗೆದುಕೊಳ್ಳೋಣ. ಸರಕಾರದ ನೆರವು ಸುಲಭವಾಗಿ ಸಿಕ್ಕರೆ ಜನ ಸೋಮಾರಿಗಳಾಗುವರು; ಆದುದರಿಂದ ಬೇರೆ ಗತಿಯೇ ಇಲ್ಲದವನು ಮಾತ್ರ ಕೈಯೊಡ್ಡುವಷ್ಟು ನೆರವನ್ನು ಕಠಿನವಾಗಿಸಬೇಕು ಎಂಬುದು ಅದರ ಸಾರ. ೧೮೭೬–೭೮ರ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ ಅತ್ಯಂತ ನೊಂದ ಪ್ರದೇಶಗಳಲ್ಲಿ ಒಂದು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳು ಅಂದು ಆ ಜಿಲ್ಲೆಯ ತಾಲ್ಲೂಕುಗಳು. ೧೮೭೭ರ ಪ್ರಾರಂಭದಲ್ಲಿ ವೈಸರಾಯ್ ಲಿಟ್ಟನ್‌ರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ವಯಸ್ಕ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅಲ್ಪ ಹಣಕ್ಕೆ ಇಳಿಸಿದರು. ಮನೆಯ ಬಳಿ ಕೆಲಸ ಕೊಡದೆ ದೂರದ ಶಿಬಿರಕ್ಕೆ ಬರಮಾಡಿಕೊಳ್ಳುವುದೂ ಒಂದು ಪರೀಕ್ಷೆಯಾಗಿತ್ತು. ಲಂಡನ್ನಿನ ಅನಾಥಾಲಯದ ಗೋಡೆಯ ಕೆಲಸವನ್ನು ಇಲ್ಲಿ ಬಿಸಿಲ ದಾರಿಯ ಹರದಾರಿಗಳು ಮಾಡಿದುವು.

ಇದನ್ನು ವಿರೋಧಿಸಿದವರು ಪ್ರಾಂತ್ಯದ ಆರೋಗ್ಯಾಧಿಕಾರಿ ಡಬ್ಲ್ಯು. ಆರ್. ಕಾರ್ನಿಷ್. ದುಡಿಯುವ ದೇಹಕ್ಕೆ ಒಂದು ಪೌಂಡು ಸಾಲದೆಂಬುದನ್ನು ಅವರು ವೈದ್ಯನ ದೃಷ್ಟಿಯಿಂದ ವಾದಿಸಿದರು. ವಾದ ನಡೆಯಿತು; ಅದೇ ವರ್ಷ ಮದರಾಸು ಸರಕಾರ ಕೂಲಿಯನ್ನು ಹೆಚ್ಚಿಸಿತು. ೧೮೮೦ರ ಕ್ಷಾಮ ಆಯೋಗದ ವರದಿ ಮತ್ತು ಅದರಿಂದ ಹುಟ್ಟಿದ ಕ್ಷಾಮ ಸಂಹಿತೆಗಳು ಈ ಅನುಭವದ ಫಲ. ಅರ್ಹನಾರು, ಅನರ್ಹನಾರು, ಎಷ್ಟು ಕೊಟ್ಟರೆ ಸಾಕು, ಅದನ್ನು ಅಳೆಯತಕ್ಕವರಾರು—ಸಮಾಜಕಾರ್ಯದ ಮೂಲಭೂತ ಪ್ರಶ್ನೆಗಳೆಲ್ಲವೂ ಇಲ್ಲಿ ಕೆಂಪು ನೆಲದ ಮೇಲೆ ನಿಂತಿವೆ. ಇಂದಿನ ಪಡಿತರ ಚೀಟಿಯ ಪಟ್ಟಿಯ ಮುಂದೆ ನಿಂತು ಅದೇ ಪ್ರಶ್ನೆಯನ್ನು ಎದುರಿಸಬೇಕಾದ ವಿದ್ಯಾರ್ಥಿಗೆ ೧೮೩೪ನ್ನು ಕಲಿಸಿ ೧೮೭೭ನ್ನು ಕಲಿಸದಿರುವುದು ವಿಚಿತ್ರವೆನಿಸುತ್ತದೆ.

೪

ಎರಡನೆಯ ಉದಾಹರಣೆ ಹೆಚ್ಚು ನೋವಿನದು. ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಲು ಡಾ. ಮುತ್ತುಲಕ್ಷ್ಮೀ ರೆಡ್ಡಿಯವರು ೧೯೨೦ರ ದಶಕದಿಂದ ನಡೆಸಿದ ಹೋರಾಟದ ಕೊನೆಗೆ, ೧೯೪೭ರಲ್ಲಿ ಮದರಾಸು ಶಾಸನವಾಯಿತು. ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದುದು ೧೯೫೩ರಲ್ಲಿ. ಆದುದರಿಂದ ಈ ತಾಲ್ಲೂಕುಗಳಿಗೆ ಆ ಶಾಸನ ಮೊದಲಿನಿಂದಲೂ ಅನ್ವಯಿಸಿತು. ಕರ್ನಾಟಕದ ಶಾಸನ ಬಂದುದು ೧೯೮೨ರಲ್ಲಿ. ಇಷ್ಟಾದರೂ ೧೯೯೩–೯೪ರ ಸರಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ೨೨,೮೭೩ ಮಂದಿಯೂ ೨೦೦೭–೦೮ರಲ್ಲಿ ಇನ್ನೂ ೨೩,೭೮೭ ಮಂದಿಯೂ, ಒಟ್ಟಿನಲ್ಲಿ ೪೬,೬೬೦ ಮಹಿಳೆಯರು ಪಟ್ಟಿಗೆ ಬಂದರು. ಬಳ್ಳಾರಿ ಸೀಮೆ ಇದರಿಂದ ಹೊರತಾಗಿರಲಿಲ್ಲ. ಶಾಸನ ಒಂದು ದಿನಾಂಕದಿಂದ ಜಾರಿಗೆ ಬರುತ್ತದೆ. ಬದುಕು ಹಾಗೆ ಬದಲಾಗುವುದಿಲ್ಲ. ಈ ಎರಡರ ನಡುವಣ ಅಂತರವೇ ಸಮಾಜಕಾರ್ಯಕರ್ತನ ಕಾರ್ಯಕ್ಷೇತ್ರ.

ಇಲ್ಲಿಯೇ ಪಠ್ಯಗಳ ಇನ್ನೊಂದು ಕೊರತೆಯೂ ಕಾಣುತ್ತದೆ. ಕಾರ್ಯಕರ್ತನು ಸೇವಾರ್ಥಿಯಿಂದ ತಕ್ಕ ಅಂತರವನ್ನು ಕಾಯ್ದುಕೊಳ್ಳಬೇಕೆಂದು ಅವು ಬೋಧಿಸುತ್ತವೆ. ನಗರದಲ್ಲಿ ಈ ಉಪದೇಶ ಸರಿಯಾದುದೇ. ಆದರೆ ಗ್ರಾಮದ ವಿದ್ಯಾರ್ಥಿಗೆ ಸೇವಾರ್ಥಿ ಅದೇ ಓಣಿಯ ಅವ್ವನೋ ಚಿಕ್ಕವ್ವನೋ ಆಗಿರಬಹುದು. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಲಮು ಬಂದಾಗ ತಡೆದು ನಿಂತ ಮಗುವೇ ಮುಂದೆ ಈ ವ್ಯಾಸಂಗಕ್ಕೆ ಬಂದು ಕುಳಿತಿರಬಹುದು. ತನ್ನ ಮನೆಯ ಬಾಳನ್ನು ‘ಪ್ರಕರಣ’ವೆಂಬ ಶೀರ್ಷಿಕೆಯ ಕೆಳಗೆ ಓದಬೇಕಾದ ಆ ವಿದ್ಯಾರ್ಥಿನಿಗೆ ನಾವು ಏನನ್ನು ಕೊಡುತ್ತೇವೆ? ಆ ಪದ್ಧತಿ ಅವಳ ತಾಯಿಯ ದೋಷವಲ್ಲ. ಬಡತನ, ಜಾತಿ, ಭೂಮಿಯ ಹಂಚಿಕೆ, ಆಡಳಿತ ಇವುಗಳ ನಡುವೆ ಕಾಲಕ್ರಮದಲ್ಲಿ ರೂಪುಗೊಂಡುದು ಎಂಬ ತಿಳಿವಳಿಕೆಯನ್ನು ಮನಶ್ಶಾಸ್ತ್ರಕ್ಕಿಂತ ಮೊದಲು ಇತಿಹಾಸ ಕೊಡಬಲ್ಲುದು. ಅಂತರಕ್ಕಿಂತ ಈ ತಿಳಿವಳಿಕೆಯೇ ಅವಳಿಗೆ ಹೆಚ್ಚು ಗಟ್ಟಿಯಾದ ಆಸರೆ.

೫

ಮೂರನೆಯ ಉದಾಹರಣೆ ಈ ಜಿಲ್ಲೆಗೆ ಗೌರವ ತಂದುದು. ಅಮೆರಿಕದಲ್ಲಿ ೧೯೬೩ರ ಶಾಸನದಂತೆ ಮಾನಸಿಕ ಆರೋಗ್ಯ ಕೇಂದ್ರಗಳು ಜನವಸತಿಗಳ ಬಳಿಗೆ ಬಂದಾಗ ತಜ್ಞರ ಅಭಾವ ತಲೆದೋರಿತು. ಆ ಅಭಾವವನ್ನು ನೀಗಿಸಲು, ಸುತ್ತಮುತ್ತಲಿನ ನಿವಾಸಿಗಳೇ ಓದುವ ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷದ ವ್ಯಾಸಂಗಗಳು ಹುಟ್ಟಿದುವು. ‘ಮಾನವ ಸೇವೆಗಳು’ ಎಂಬ ಪದವಿ ಅಲ್ಲಿ ಬೆಳೆದ ಹಿನ್ನೆಲೆಗಳಲ್ಲಿ ಇದು ಮುಖ್ಯವಾದುದು. ಜನರ ನಡುವಿನವನೇ ತರಬೇತಿ ಪಡೆದು ಜನರಿಗೆ ನೆರವಾಗಲಿ ಎಂಬುದು ಇದರ ಹುರುಳು.

ಇದೇ ಹುರುಳು ಬಳ್ಳಾರಿ ಜಿಲ್ಲೆಯಲ್ಲಿ ಬೇರೊಂದು ರೂಪದಲ್ಲಿ ಪ್ರಯೋಗಕ್ಕೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೮೫ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸಲು ತರಬೇತಿ ನೀಡಿತು. ಅಗತ್ಯವಾದ ಕೆಲವೇ ಔಷಧಗಳನ್ನು ಹಳ್ಳಿಯ ಸಮೀಪಕ್ಕೆ ತಂದಿತು. ‘ಬಳ್ಳಾರಿ ಮಾದರಿ’ ಎನಿಸಿದ ಈ ಪ್ರಯೋಗವೇ ೧೯೯೬ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಆಧಾರವಾಯಿತು. ಇದರ ಗುಣವನ್ನು ಹೇಳುವಾಗ ಮಿತಿಯನ್ನೂ ಹೇಳಬೇಕು: ಈ ಕಾರ್ಯಕ್ರಮಗಳು ಔಷಧಕ್ಕೆ ಒತ್ತು ಕೊಟ್ಟಷ್ಟು ಕುಟುಂಬಕ್ಕೂ ಸಮುದಾಯಕ್ಕೂ ಕೊಡಲಿಲ್ಲವೆಂಬ ಟೀಕೆ ಬಂದಿದೆ. ಆ ಟೀಕೆಯನ್ನು ತೂಗಿ ನೋಡಲು ಸಮಾಜಕಾರ್ಯದ ವಿದ್ಯಾರ್ಥಿಗಿಂತ ಯೋಗ್ಯರಾರು? ೨೦೨೧ರಲ್ಲಿ ಪಶ್ಚಿಮದ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ ಬೇರ್ಪಟ್ಟಿರುವುದರಿಂದ, ಈ ಅನುಭವ ತಮ್ಮದೂ ಹೌದೆಂಬುದನ್ನು ಅಲ್ಲಿಯವರು ಮರೆಯುವ ಅಪಾಯವೂ ಇದೆ.

೬

ಇತಿಹಾಸದ ಅಧ್ಯಾಪಕರು ಎಲ್ಲ ಶಾಸ್ತ್ರಗಳಲ್ಲಿಯೂ ತಮ್ಮ ವಿಷಯಕ್ಕೆ ಮಣೆ ಹಾಕಿಸಲು ಯತ್ನಿಸುತ್ತಾರೆಂದು ಕೆಲವರು ಹೇಳಬಹುದು. ಸೇವೆಗೆ ಬೇಕಾದುದು ಕೌಶಲ, ಕಥೆಯಲ್ಲ ಎಂದೂ ಹೇಳಬಹುದು. ಕೌಶಲ ಬೇಕೆಂಬುದು ನಿರ್ವಿವಾದ. ಆದರೆ ಟೆಂಪಲ್‌ರ ಅಧಿಕಾರಿಗಳಿಗೆ ಕೌಶಲದ ಕೊರತೆಯಿರಲಿಲ್ಲ. ಲೆಕ್ಕ, ಪಟ್ಟಿ, ವರದಿ ಎಲ್ಲವೂ ಇದ್ದುವು. ಅಳತೆಯ ಹಿಂದಿನ ತತ್ತ್ವವನ್ನೇ ಪ್ರಶ್ನಿಸಬಲ್ಲ ಒಬ್ಬ ಕಾರ್ನಿಷ್ ಬೇಕಾಯಿತು. ಅಂತಹ ಪ್ರಶ್ನೆಯನ್ನು ಕೇಳುವ ಅಭ್ಯಾಸ ಕೌಶಲದ ಪಾಠದಿಂದ ಮಾತ್ರ ಬರುವುದಿಲ್ಲ. ಸ್ಥಳೀಯ ಇತಿಹಾಸವೆಂದರೆ ಸ್ಥಳೀಯ ಹೊಗಳಿಕೆಯೂ ಅಲ್ಲ. ಮೇಲಿನ ಮೂರು ಉದಾಹರಣೆಗಳಲ್ಲಿ ಎರಡು, ಸೋಲಿನ ಕಥೆಗಳು.

ನಮ್ಮ ಸೂಚನೆಗಳು ಅಲ್ಪವಾದುವು. ಪದವಿಯ ಮೊದಲ ವರ್ಷದಲ್ಲಿ, ಇಂಗ್ಲೆಂಡಿನ ಅಧ್ಯಾಯದೊಡನೆಯೇ ಆಯಾ ಜಿಲ್ಲೆಯ ಕ್ಷಾಮ, ಶಾಸನ, ಆರೋಗ್ಯ ಕಾರ್ಯಕ್ರಮಗಳ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಓದಿಸಬೇಕು. ಕ್ಷೇತ್ರಕಾರ್ಯಕ್ಕೆ ನಗರದ ಸಂಸ್ಥೆಗೆ ಹೋಗುವ ವಿದ್ಯಾರ್ಥಿ ಒಂದು ಅವಧಿಯನ್ನಾದರೂ ತನ್ನ ಹೋಬಳಿಯಲ್ಲಿ ಕಳೆಯಬೇಕು. ಅಲ್ಲಿ ೧೯೦೪ರ ಬಳ್ಳಾರಿ ಗ್ಯಾಸೆಟಿಯರನ್ನೂ ಪಂಚಾಯಿತಿಯ ಕಡತವನ್ನೂ ಊರಿನ ವೃದ್ಧರ ಮಾತನ್ನೂ ಜೊತೆಗಿಟ್ಟು ಓದಲಿ. ಮೂರೂ ಒಂದನ್ನೇ ಹೇಳುವುದಿಲ್ಲವೆಂಬುದು ಅವನಿಗೆ ತಿಳಿದರೆ ಅದೇ ಉತ್ತಮ ಪಾಠ. ಇತಿಹಾಸ ವಿಭಾಗಗಳು ಇದಕ್ಕೆ ಬೇಕಾದ ಆಕರಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವ ಹೊಣೆ ಹೊರಬೇಕು. ಈ ಹೊಣೆಯನ್ನು ಸಮಾಜಕಾರ್ಯದ ಅಧ್ಯಾಪಕರ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.