ಮೂರು ಅಂದರೆ ಎಷ್ಟು?

"ಸೆಟ್ ಬೆಡ್‌ರೂಮ್ ಫ್ಯಾನ್ ಟು ತ್ರೀ" ಅಂದಳು ಅಮ್ಮ, ಎರಡು ದಿನ ಬಾಯಿಪಾಠ ಮಾಡಿದ್ದನ್ನು ಒಂದಕ್ಷರ ತಪ್ಪದೆ. ಮೇಜಿನ ಮೇಲಿದ್ದ ಸ್ಪೀಕರ್ "ಓಕೆ" ಅಂತು. ಸ್ವಿಚ್ ಬೋರ್ಡಿನೊಳಗೆ ಟಕ್ ಎಂದು ಸದ್ದಾಯಿತು. ಫ್ಯಾನು ಸೋತಂತೆ ತಿರುಗಿ ತಿರುಗಿ ನಿಂತೇ ಹೋಯಿತು.

"ಕರೆಂಟ್ ಹೋಯ್ತೇನೋ?"

ಹೋಗಿರಲಿಲ್ಲ. ಅಮ್ಮನ ಲೆಕ್ಕದಲ್ಲಿ ಫ್ಯಾನಿಗೆ ಇರುವುದು ಒಂದರಿಂದ ಐದು. ನಲವತ್ತು ವರ್ಷ ಆಕೆ ತಿರುಗಿಸಿದ ರೆಗ್ಯುಲೇಟರ್ ಮೇಲೆ ಬರೆದಿದ್ದೂ ಅಷ್ಟೇ. ನಾನು ತಂದ ವ್ಯವಸ್ಥೆಯ ಲೆಕ್ಕ ಮಾತ್ರ ಶೇಕಡಾವಾರು. ಮೂರು ಅಂದರೆ ನೂರಕ್ಕೆ ಮೂರು. ಅಷ್ಟು ಕಮ್ಮಿ ವೇಗದ ಹಂತವೇ ಇಲ್ಲವಾದ್ದರಿಂದ ಅದು ಸೊನ್ನೆಗೆ ಇಳಿಯಿತು. ರೆಗ್ಯುಲೇಟರಿನ ಮೂರು ಬೇಕಿದ್ದರೆ ಅರವತ್ತು ಅನ್ನಬೇಕು. ಮೊಣಕಾಲಿನ ಆಪರೇಷನ್ ಆಗಿ ಮಲಗಿದವಳಿಗೆ ಎದ್ದು ಹೋಗುವ ಕಷ್ಟ ತಪ್ಪಲಿ ಎಂದು ಹಾಕಿಸಿದ ಸೌಲಭ್ಯ ಆಕೆಗೆ ಮೊದಲು ಕಲಿಸಿದ್ದು ಇಪ್ಪತ್ತರ ಮಗ್ಗಿ.

ಮಾತು ಕೇಳುವ ಫ್ಯಾನಿನೊಂದಿಗೆ ಒಂದು ಬೇಸಿಗೆ ಕಳೆದಿದ್ದೇನೆ. ಇಂಥದ್ದನ್ನು ಹೊಗಳಿ ಬರೆಯುವವರೆಲ್ಲ ಅದು ಮಾತು ಕೇಳುತ್ತದೋ ಇಲ್ಲವೋ ಎಂಬುದನ್ನೇ ನೋಡುತ್ತಾರೆ. ಕೇಳೇ ಕೇಳುತ್ತದೆ, ಅದು ದೊಡ್ಡ ವಿಷಯವಲ್ಲ. ಯಾರ ಮಾತು ಕೇಳುತ್ತದೆ, ಕೇಳದೇ ಹೋದಾಗ ಕೈಗೆ ಏನು ಉಳಿದಿರುತ್ತದೆ ಎಂಬುದರಲ್ಲಿ ಇದರ ಬೆಲೆ ಇದೆ.

ದಾರಿಗಳು ಮುಖ್ಯವಾಗಿ ಎರಡು. ಹಳೇ ಫ್ಯಾನನ್ನೇ ಇಟ್ಟುಕೊಂಡು ಸ್ವಿಚ್ ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಮಾಡ್ಯೂಲ್ ಕೂರಿಸುವುದು ಒಂದು. ಒಳ್ಳೆಯ ಮಾಡ್ಯೂಲಿನಲ್ಲಿ ಕೆಪಾಸಿಟರ್‌ಗಳೂ ಪುಟ್ಟ ರಿಲೇಗಳೂ ಇರುತ್ತವೆ. ಯಾವ ಕೆಪಾಸಿಟರ್ ಸೇರಿಸಬೇಕೆಂಬುದನ್ನು ರಿಲೇ ಬದಲಿಸಿದಾಗ ವೇಗ ಬದಲಾಗುತ್ತದೆ. ಆ ಟಕ್ ಸದ್ದು ಅದರದ್ದೇ. ಅಗ್ಗದ್ದು ತಂದರೆ ಲೈಟಿನ ಡಿಮ್ಮರ್ ಹಾಗೆ ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುತ್ತದೆ, ಫ್ಯಾನು ರಾತ್ರಿಯಿಡೀ ಗುಂಯ್‌ಗುಡುತ್ತದೆ. ಇನ್ನೊಂದು ದಾರಿ, ಫ್ಯಾನನ್ನೇ ಬದಲಿಸಿ ವೈಫೈ ಇರುವ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ ತರುವುದು. ಇದರ ಮೋಟರಿಗೆ ಗೋಡೆಯ ರೆಗ್ಯುಲೇಟರ್ ಆಗಿಬರುವುದಿಲ್ಲ, ಅದನ್ನು ತೆಗೆಸಬೇಕು. ವೇಗವೆಲ್ಲ ರಿಮೋಟಿನಲ್ಲಿ, ಫೋನಿನಲ್ಲಿ, ಮಾತಿನಲ್ಲಿ. ಬಂದ ನೆಂಟರು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಆರಿಸಿದರೋ, ಆಮೇಲೆ ಗಂಟಲು ಹರಿದುಕೊಂಡರೂ ಫ್ಯಾನ್ ಅಲ್ಲಾಡುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಎರಡನೆಯದೇ ಸರಿ. ಹಳೇ ಇಂಡಕ್ಷನ್ ಮೋಟರಿನ ಫ್ಯಾನ್ ಫುಲ್ ಇಟ್ಟರೆ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿಗೆ 30ರ ಆಸುಪಾಸು ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ಉಳಿಯಿತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಅಂಗಡಿಯಲ್ಲೇ ಹೋಲಿಸಿ ನೋಡಬಹುದು. ಆದರೆ ಈ ಉಳಿತಾಯ ಮೋಟರಿನ ಪುಣ್ಯ. ಮಾತಿನಿಂದ ಒಂದು ಪೈಸೆ ಉಳಿಯುವುದಿಲ್ಲ. ಹಗಲೂ ರಾತ್ರಿ ಕಿವಿ ತೆರೆದು ಕೂತ ಸ್ಪೀಕರ್ ತಾನೇ ಒಂದೆರಡು ವ್ಯಾಟ್ ಕುಡಿಯುತ್ತಿರುತ್ತದೆ. ಜಾಹೀರಾತುಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತವೆ.

ನಾನು ಆರಿಸಿಕೊಂಡದ್ದು ಮಾಡ್ಯೂಲ್, ಗೋಡೆಯ ಸ್ವಿಚ್ ಕೆಲಸ ಮಾಡುತ್ತಲೇ ಇರಲಿ ಎಂಬ ಒಂದೇ ಕಾರಣಕ್ಕೆ. ಬೋರ್ಡ್ ಬಿಚ್ಚಿದ ಎಲೆಕ್ಟ್ರಿಷಿಯನ್ "ಇದ್ರಲ್ಲಿ ನ್ಯೂಟ್ರಲ್ಲೇ ಇಲ್ವಲ್ಲ ಸಾರ್" ಅಂದ. ಬರೀ ಸ್ವಿಚ್‌ಗಳಿರುವ ಹಳೇ ಬೋರ್ಡುಗಳಿಗೆ ಫೇಸ್ ಮಾತ್ರ ಎಳೆದಿರುತ್ತಾರೆ. ಪಕ್ಕದ ಸಾಕೆಟ್ಟಿನಿಂದ ಒಂದು ವೈರ್ ಎಳೆಯುವುದರಲ್ಲಿ ಅರ್ಧ ದಿನ ಹೋಯಿತು. ವೈಫೈಗೆ ಜೋಡಿಸುವುದರಲ್ಲಿ ಉಳಿದರ್ಧ: ಇಂಥ ಮಾಡ್ಯೂಲುಗಳಿಗೆ ಗೊತ್ತಿರುವುದು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಮಾತ್ರ, ನನ್ನ ಫೋನ್ 5ರ ಮೇಲೆ ಕೂತಿತ್ತು.

ಇವೆಲ್ಲ ಒಂದು ದಿನದ ಗೋಳು. ಭಾಷೆಯದ್ದು ದಿನಾ ಇರುವಂಥದ್ದು. ಧ್ವನಿ ಸಹಾಯಕಿ ಅಲೆಕ್ಸಾ ಭಾರತಕ್ಕೆ 2017ರಲ್ಲಿ ಇಂಗ್ಲಿಷ್ ಹಿಡಿದು ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡದ ಸರದಿ ಬರಲೇ ಇಲ್ಲ. ಯಂತ್ರಕ್ಕೆ ಕನ್ನಡ ಕಿವಿಗೆ ಬೀಳುವುದಿಲ್ಲ ಎನ್ನುವ ನೆಪವೂ ನಡೆಯುವುದಿಲ್ಲ. ಅದೇ 2017ರಲ್ಲಿ ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗ್ ಕೊಟ್ಟಿತು. ಫೋನಿಗೆ ಕನ್ನಡದಲ್ಲಿ ಹೇಳಿದ್ದು ಅಕ್ಷರವಾಗುತ್ತಿದೆ. ಬೆಂಗಳೂರಿನ ಐಐಎಸ್‌ಸಿ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸಿ ಕೂಡಿಡುತ್ತಿದೆ. ಪ್ರಬಂಧ ಟೈಪ್ ಮಾಡುವಷ್ಟು ಕನ್ನಡ ಬಲ್ಲ ಕಾಲದಲ್ಲಿ ಫ್ಯಾನಿಗೆ ಬೇಕಾಗುವ ಐದಾರು ಪದ ಕಲಿಸಲು ಏನು ಅಡ್ಡಿ? ಹಾಕು, ನಿಲ್ಸು, ಜೋರು, ಕಮ್ಮಿ, ಸಾಕು. ಅಮ್ಮನ ಫ್ಯಾನ್ ವ್ಯವಹಾರ ಇಷ್ಟರಲ್ಲಿ ಮುಗಿಯುತ್ತದೆ.

ಕೊನೆಗೆ ಒಂದು ಕಳ್ಳದಾರಿ ಹುಡುಕಿದೆ. ನಮ್ಮನೆಯ ಸ್ಪೀಕರ್ ತಾನು ಕೇಳಿಸಿಕೊಂಡದ್ದನ್ನೆಲ್ಲ ಆ್ಯಪಿನಲ್ಲಿ ಬರೆದಿಡುತ್ತದೆ. ಅಮ್ಮನಿಂದ "ಫ್ಯಾನ್ ಹಾಕು" ಅಂತ ಐದಾರು ಸಲ ಹೇಳಿಸಿ ತೆರೆದು ನೋಡಿದೆ. ಇಂಗ್ಲಿಷ್ ಕಿವಿಗೆ ಅದು ‘ಫ್ಯಾನ್ ಹಾಕಿ’ ಆಗಿತ್ತು, ಕೋಲು ಹಿಡಿದು ಆಡುವ ಹಾಕಿ. ಸರಿ, ಹಾಗೇ ಇರಲಿ ಎಂದು ಆ ಆಟದ ಹೆಸರನ್ನೇ ಆಜ್ಞೆಯಾಗಿ ಕೂರಿಸಿದೆ: ಹಾಕಿ ಅಂತ ಕೇಳಿಸಿದರೆ ಅರವತ್ತಕ್ಕೆ ಇಡು. ಈಗ ಅಮ್ಮ ಕನ್ನಡ ಮಾತಾಡುತ್ತಾಳೆ, ಯಂತ್ರ ಇಂಗ್ಲಿಷ್ ಕೇಳಿಸಿಕೊಳ್ಳುತ್ತದೆ, ನಡುವೆ ಗಾಳಿ ಬರುತ್ತದೆ. "ನಿಲ್ಸು" ಮಾತ್ರ ಕೇಳಿದಷ್ಟು ಸಲವೂ ಬೇರೆ ಬೇರೆಯಾಗಿ ಕೇಳಿಸಿ ಕೈಕೊಟ್ಟಿತು.

ಇನ್ನೊಂದು ತೊಡಕನ್ನು ನಾನು ಊಹಿಸಿರಲೇ ಇಲ್ಲ. ಫ್ಯಾನ್ ಫುಲ್ ಇದ್ದಾಗ ಗಾಳಿಯ ಸದ್ದೇ ಮೈಕಿಗೆ ತುಂಬುತ್ತದೆ. ಅಂದರೆ ಕಮ್ಮಿ ಮಾಡು ಎಂದು ಹೇಳುವ ಅಗತ್ಯ ಬಿದ್ದಾಗಲೇ ಅದಕ್ಕೆ ಕಿವುಡು. ಸ್ಪೀಕರನ್ನು ಮಂಚದ ತಲೆದೆಸೆಗೆ ತಂದ ಮೇಲೆ ಸುಧಾರಿಸಿತು. ಕರೆಂಟ್ ಹೋದರೆ ಫ್ಯಾನಿಗೆ ಯುಪಿಎಸ್ ಇದೆ, ರೌಟರಿಗೆ ಇರಲಿಲ್ಲ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಹೇಳಿದ್ದು ನಾಟುತ್ತಿರಲಿಲ್ಲ. ಮಂಚದಿಂದ ಫ್ಯಾನಿಗೆ ಇರುವ ಐದಡಿ ದೂರಕ್ಕೆ ಮಾತು ಎಲ್ಲಿಯದೋ ಸರ್ವರಿಗೆ ಹೋಗಿ ಬರಬೇಕು ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮಲಗುವ ಕೋಣೆಯಲ್ಲಿ ಮೈಕ್ ಇಡುವ ಬಗ್ಗೆ ಅಮ್ಮನ ತೀರ್ಪು ಬೇರೆ: "ನಾನು ನಿನ್ನ ಹೆಂಡ್ತಿ ಬಗ್ಗೆ ಏನಾದ್ರೂ ಅಂದ್ರೆ ಅದೂ ಬರ್ಕೊಳುತ್ತಾ?" ಬರೆದುಕೊಳ್ಳುವುದಿಲ್ಲ ಅಂದೆ. ಹೆಸರು ಕರೆದರೆ ಮಾತ್ರ ಬರೆದುಕೊಳ್ಳುತ್ತದೆ, ಕೆಲವೊಮ್ಮೆ ಕರೆದರೆಂದು ತಪ್ಪಾಗಿ ತಿಳಿದುಕೊಂಡೂ ಬರೆಯುತ್ತದೆ ಎಂಬುದನ್ನು ಹೇಳಲು ಹೋಗಲಿಲ್ಲ.

ಇಷ್ಟೆಲ್ಲದರ ನಡುವೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಮಾತೇ ಬೇಡದ ಒಂದು ಏರ್ಪಾಡು. ಬೆಳಗಿನ ಜಾವ ನಾಲ್ಕಕ್ಕೆ ಫ್ಯಾನ್ ತಾನಾಗಿ ಇಪ್ಪತ್ತಕ್ಕೆ ಇಳಿಯುವಂತೆ ಸಮಯ ಇಟ್ಟಿದ್ದೇನೆ. ಆ ಹೊತ್ತಿನ ಚಳಿಗೆ ಅಮ್ಮ ಮೊದಲು ಎದ್ದು ಗೋಡೆ ಹಿಡಿದು ನಡೆಯುತ್ತಿದ್ದಳು, ಈಗ ನಿದ್ದೆ ಕೆಡುವುದಿಲ್ಲ.

ಮೊನ್ನೆ ತಮ್ಮನೂ ತನ್ನ ಮನೆಗೆ ಹಾಕಿಸಬೇಕೆಂದು ಫೋನ್ ಮಾಡಿದ್ದ. ಮೊದಲು ಫ್ಯಾನ್ ಬದಲಿಸು, ರಿಮೋಟನ್ನು ಮಂಚಕ್ಕೆ ದಾರ ಕಟ್ಟಿ ತೂಗುಹಾಕು ಅಂದೆ. ಸ್ಪೀಕರ್ ಯಾವುದು ತರಲಿ ಅಂತ ಕೇಳಿದ. ನಿನ್ನ ಮಕ್ಕಳಿಗಾದರೆ ಯಾವುದಾದರೂ ನಡೆದೀತು, ಅತ್ತೆ-ಮಾವನ ಕೋಣೆಗೆ ಸದ್ಯಕ್ಕೆ ಬೇಡ ಅಂದೆ.